ಕಡಲಿಲ್ಲದ ಊರಿನ ನೌಕಾಧಿಪತಿ: ಟೆಕ್ಸಾಸ್‌ನ ಚೆಸ್ಟರ್ ನಿಮಿಟ್ಜ್

ಆಸ್ಟಿನ್ ನಗರದಿಂದ ಪಶ್ಚಿಮಕ್ಕೆ ಸುಮಾರು 125 ಕಿ.ಮೀ. ಸಾಗಿದರೆ ಫ್ರೆಡರಿಕ್ಸ್‌ಬರ್ಗ್ ಎಂಬ ಪುಟ್ಟ ಊರು ಸಿಗುತ್ತದೆ. ಡಲ್ಲಾಸ್ ಅಥವಾ ಹ್ಯೂಸ್ಟನ್‌ನಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಬಂದ ತಂದೆತಾಯಿಯರು ಒಮ್ಮೆ ನೋಡಬೇಕಾದ ಸ್ಥಳವಿದು. ಕಡಲು ಇಲ್ಲಿಂದ 250 ಕಿ.ಮೀ.ಗೂ ಹೆಚ್ಚು ದೂರ. ಆದರೂ ಪೆಸಿಫಿಕ್ ಯುದ್ಧದ ರಾಷ್ಟ್ರೀಯ ವಸ್ತುಸಂಗ್ರಹಾಲಯ ಇರುವುದು ಇಲ್ಲಿಯೇ. ಆ ಯುದ್ಧದಲ್ಲಿ ಅಮೆರಿಕದ ನೌಕಾಪಡೆಯನ್ನು ಮುನ್ನಡೆಸಿದ ಚೆಸ್ಟರ್ ನಿಮಿಟ್ಜ್ 1885ರ ಫೆಬ್ರವರಿ 24ರಂದು ಜನಿಸಿದ್ದು ಈ ಊರಿನಲ್ಲಿ.

ಜರ್ಮನ್ ವಲಸಿಗರು 1846ರಲ್ಲಿ ಕಟ್ಟಿದ ಊರಿದು. ನಿಮಿಟ್ಜ್ ಹುಟ್ಟುವ ಮೊದಲೇ ತಂದೆ ತೀರಿಕೊಂಡಿದ್ದರು. ಯೌವನದಲ್ಲಿ ವ್ಯಾಪಾರಿ ಹಡಗುಗಳಲ್ಲಿ ದುಡಿದಿದ್ದ ತಾತ, ಹಡಗಿನ ಆಕಾರದಲ್ಲಿಯೇ ಒಂದು ಹೋಟೆಲನ್ನು ಕಟ್ಟಿಸಿದ್ದರು. ಕಡಲಿನ ಮೊದಲ ಪಾಠ ಮೊಮ್ಮಗನಿಗೆ ದೊರೆತದ್ದು ಆ ಹಿರಿಯರಿಂದ.

ಬಾಲಕನ ಆಸೆ ಇದ್ದದ್ದು ಭೂಸೇನೆಯ ಮೇಲೆ. ಸೈನಿಕ ಅಕಾಡೆಮಿಯಲ್ಲಿ ಸ್ಥಾನ ಖಾಲಿಯಿರಲಿಲ್ಲ. ನೌಕಾ ಅಕಾಡೆಮಿಯಲ್ಲಿ ಇತ್ತು. ಕಾಲೇಜು ಓದಿಸುವಷ್ಟು ಅನುಕೂಲವಿಲ್ಲದ ಮನೆಯ ಹುಡುಗ ದೊರೆತುದನ್ನೇ ಸ್ವೀಕರಿಸಿ 1901ರಲ್ಲಿ ಅನಾಪೊಲಿಸ್ ಸೇರಿ, 1905ರಲ್ಲಿ 114 ಮಂದಿಯ ತರಗತಿಯಲ್ಲಿ ಏಳನೆಯವರಾಗಿ ತೇರ್ಗಡೆಯಾದರು.

1908ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಅವರ ಅಧೀನದಲ್ಲಿದ್ದ ಡಿಕೇಟರ್ ನೌಕೆ ಕೆಸರಿನ ದಿಬ್ಬಕ್ಕೆ ಸಿಲುಕಿತು. ಸೈನಿಕ ನ್ಯಾಯಾಲಯ ಛೀಮಾರಿ ಹಾಕಿತೇ ಹೊರತು ವೃತ್ತಿಯನ್ನು ಕಸಿದುಕೊಳ್ಳಲಿಲ್ಲ. ಮುಂದೆ ಅವರು ಜಲಾಂತರ್ಗಾಮಿಗಳಲ್ಲಿಯೂ ಡೀಸೆಲ್ ಎಂಜಿನ್‌ಗಳಲ್ಲಿಯೂ ಪರಿಣತರಾದರು. 1917ರಲ್ಲಿ ಮೌಮಿ ಎಂಬ ತೈಲನೌಕೆಯಲ್ಲಿದ್ದಾಗ, ಅಟ್ಲಾಂಟಿಕ್ ಸಾಗರದ ನಡುವೆ ಚಲಿಸುತ್ತಿರುವ ಯುದ್ಧನೌಕೆಗಳಿಗೆ ಇಂಧನ ತುಂಬುವ ವಿಧಾನವನ್ನು ರೂಪಿಸಲು ನೆರವಾದರು.

ನೌಕಾಬಲದ ತಿರುಳು ಇಲ್ಲಿಯೇ ಇದೆ. ರಾಷ್ಟ್ರಗಳ ಏಳುಬೀಳುಗಳನ್ನು ಸಮುದ್ರದ ಹಿಡಿತ ನಿರ್ಧರಿಸುತ್ತದೆಂದು 1890ರಲ್ಲಿ ಪ್ರತಿಪಾದಿಸಿದವರು ಆಲ್ಫ್ರೆಡ್ ಮಹಾನ್. ಅವರು ಬೋಧಿಸಿದ್ದ ನೌಕಾ ಯುದ್ಧ ಕಾಲೇಜಿನಲ್ಲಿಯೇ 1922–23ರಲ್ಲಿ ಓದಿದ ನಿಮಿಟ್ಜ್, ಜಪಾನ್ ಜೊತೆಗಿನ ಯುದ್ಧವನ್ನು ಮೇಜಿನ ಮೇಲೆ ಹಲವು ಬಾರಿ ಆಡಿ ನೋಡಿದರು. ಬಂದರುಗಳಿಂದ ಸಾವಿರಾರು ಮೈಲಿ ದೂರದಲ್ಲಿ ಇಂಧನ, ಆಹಾರ, ದುರಸ್ತಿ ಒದಗದಿದ್ದರೆ ಎಂಥ ನೌಕಾಪಡೆಯೂ ನಿಷ್ಪ್ರಯೋಜಕ ಎಂಬುದು ಅಲ್ಲಿ ಮನದಟ್ಟಾದ ವಿಷಯ.

ಪರ್ಲ್ ಹಾರ್ಬರ್ ದಾಳಿಯ ನಂತರ, 1941ರ ಡಿಸೆಂಬರ್ 31ರಂದು ಅವರು ಪೆಸಿಫಿಕ್ ಪಡೆಯ ಹೊಣೆ ಹೊತ್ತರು. ಸಮಾರಂಭ ನಡೆದದ್ದು ಒಂದು ಜಲಾಂತರ್ಗಾಮಿಯ ಮೇಲೆ. ಯುದ್ಧನೌಕೆಗಳು ಮುಳುಗಿದ್ದರೂ ತೈಲದ ತೊಟ್ಟಿಗಳು, ದುರಸ್ತಿಯ ಕಟ್ಟೆಗಳು ಉಳಿದಿದ್ದವು. ಸೋತು ಎದೆಗುಂದಿದ್ದ ಹಿಂದಿನ ಅಧಿಕಾರಿಗಳನ್ನು ಅವರು ಕಳುಹಿಸಿಬಿಡದೆ ಜೊತೆಗೇ ಇರಿಸಿಕೊಂಡರು. ಒಮ್ಮೆ ಛೀಮಾರಿಯ ನಂತರವೂ ಅವಕಾಶ ಪಡೆದಿದ್ದವರಿಗೆ ಅದರ ಬೆಲೆ ತಿಳಿದಿತ್ತು. ಅವರಲ್ಲೊಬ್ಬರಾದ ಗುಪ್ತಚರ ಅಧಿಕಾರಿ ಎಡ್ವಿನ್ ಲೇಟನ್ ಹಾಗೂ ಜಪಾನಿನ ಸಂಕೇತಗಳನ್ನು ಭೇದಿಸಿದವರ ಮಾತನ್ನು ನಂಬಿ, 1942ರ ಜೂನ್‌ನಲ್ಲಿ ಮಿಡ್‌ವೇ ಬಳಿ ಮೂರು ವಿಮಾನವಾಹಕ ನೌಕೆಗಳನ್ನು ಪಣಕ್ಕಿಟ್ಟರು. ಜಪಾನ್ ನಾಲ್ಕನ್ನು ಕಳೆದುಕೊಂಡಿತು, ಅಮೆರಿಕ ಒಂದನ್ನು. 1945ರ ಸೆಪ್ಟೆಂಬರ್ 2ರಂದು ಜಪಾನಿನ ಶರಣಾಗತಿ ಪತ್ರಕ್ಕೆ ಅಮೆರಿಕದ ಪರವಾಗಿ ಸಹಿ ಮಾಡಿದವರು ಅವರೇ.

ಭಾರತದ ಚರಿತ್ರೆಯಲ್ಲಿಯೂ ಅವರ ಹೆಸರು ಬರುತ್ತದೆ. ಕಾಶ್ಮೀರದ ಜನಮತಗಣನೆಯ ಆಡಳಿತಾಧಿಕಾರಿಯಾಗಿ ವಿಶ್ವಸಂಸ್ಥೆ 1949ರಲ್ಲಿ ಅವರನ್ನು ನೇಮಿಸಿತ್ತು. ಷರತ್ತುಗಳು ಇತ್ಯರ್ಥವಾಗದೆ ಆ ಕಾರ್ಯ ಆರಂಭವಾಗಲೇ ಇಲ್ಲ. 1966ರ ಫೆಬ್ರವರಿ 20ರಂದು ಅವರು ನಿಧನರಾದರು.

ತಾತನ ಹೋಟೆಲ್ ಇಂದು ಆ ವಸ್ತುಸಂಗ್ರಹಾಲಯದ ಭಾಗವಾಗಿದೆ. ಅದರ ಆವರಣದಲ್ಲಿ ಜಪಾನಿನ ಜನತೆ ಕಾಣಿಕೆಯಾಗಿ ನೀಡಿದ ಶಾಂತಿವನವಿದೆ. ವಿದೇಶಕ್ಕೆ ಹೊರಟ ನಮ್ಮ ಮಕ್ಕಳಲ್ಲಿ ಬಯಸಿದ ವಿದ್ಯಾಲಯ ದೊರೆಯದವರೂ, ಮೊದಲ ಕೆಲಸದಲ್ಲಿಯೇ ಎಡವಿದವರೂ ಇರುತ್ತಾರೆ. ವಲಸಿಗರ ಈ ಮೊಮ್ಮಗನ ಬಾಳು ಅವರಿಗೂ, ಊರಿನಲ್ಲಿ ಕಾದಿರುವ ಹಿರಿಯರಿಗೂ ಧೈರ್ಯ ನೀಡುವಂತಿದೆ.