ನೌಕರಿ ಬಿಟ್ಟ ಮಾಸ್ತರರು

ಎಫ್‌ಡಿಎ ಪರೀಕ್ಷೆಗೆ ಇದು ನನ್ನ ಮೂರನೇ ಸಲದ ಓದು. ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಸಂತ ಶಿಶುನಾಳ ಶರೀಫರಿಗೆ ಸಿಕ್ಕಿದ್ದು ಒಂದೇ ಸಾಲು: ಜನನ 1819, ಮರಣ 1889, ಗುರು ಗೋವಿಂದ ಭಟ್ಟರು. ನಮ್ಮ ಗೊಟಗೋಡಿಯಲ್ಲಿ ಅವರು ಒಂದು ಸಾಲಿನಲ್ಲಿ ಮುಗಿಯುವವರಲ್ಲ. ಶಿಶುನಾಳವೂ ನಮ್ಮ ಶಿಗ್ಗಾವಿ ತಾಲ್ಲೂಕಿನದೇ ಊರು. ಮೊಹರಂ ಹೆಜ್ಜೆಮೇಳದಲ್ಲಿ ವಯಸ್ಸೆಲ್ಲ ಹಾಡಿದ ನನ್ನಜ್ಜನಿಗಂತೂ ಅವರು ಮನೆಯ ಹಿರಿಯರಿದ್ದಂತೆ, ಶರೀಫಜ್ಜ.

ತಂದೆ ಇಮಾಮ ಸಾಹೇಬರು, ತಾಯಿ ಹಜ್ಜೂಮಾ. ಬಹಳ ದಿನ ಮಕ್ಕಳಿಲ್ಲದೆ, ಹುಲಗೂರಿನ ಹಜರೇಶ ಖಾದರಿಯವರಿಗೆ ಹರಕೆ ಹೊತ್ತ ಮೇಲೆ ಹುಟ್ಟಿದ ಮಗ ಎಂದು ನಮ್ಮ ಕಡೆ ಹೇಳುತ್ತಾರೆ. ಶರೀಫರು ಮುಲ್ಕಿ ಪರೀಕ್ಷೆ ಪಾಸಾದರು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಕನ್ನಡ ಶಾಲೆಯ ಮಾಸ್ತರರೂ ಆದರು. ಆಮೇಲೆ ಆ ನೌಕರಿಯನ್ನೇ ಬಿಟ್ಟರು! ಇಲ್ಲಿಗೆ ಬಂದಾಗಲೆಲ್ಲ ನನಗೆ ತುಸು ಸಿಟ್ಟು ಬರುತ್ತದೆ. ಬಿಟ್ಟವರು ಕಳಸದ ಗೋವಿಂದ ಭಟ್ಟರ ಬೆನ್ನು ಹತ್ತಿದರು. ಬ್ರಾಹ್ಮಣ ಗುರು, ಮುಸಲ್ಮಾನ ಶಿಷ್ಯ. ಎರಡೂ ಕಡೆಯವರು ಆಡಿಕೊಂಡರು, ಇವರಿಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕುಂದಗೋಳದ ಫಾತಿಮಾರ ಜತೆ ಮದುವೆಯಾಯಿತು, ಮಗಳು ಹುಟ್ಟಿದಳು. ಹೆಂಡತಿ ಬೇಗ ತೀರಿಹೋದರು. ಅಲ್ಲಿಂದ ಮುಂದೆ ಶರೀಫರ ಸಂಸಾರವೆಂದರೆ ಹಾಡೇ.

ಸಿ. ಅಶ್ವತ್ಥರ ದನಿಯಿಂದ, 1990ರ ನಾಗಾಭರಣರ ಸಿನಿಮಾದಿಂದ ಅವರ ತತ್ವಪದಗಳು ಎಲ್ಲರಿಗೂ ಗೊತ್ತು. ಮೊಹರಂ ಕುಣಿತಕ್ಕೆಂದು ಅವರು ಕಟ್ಟಿದ ರಿವಾಯತ್ ಪದಗಳು ಮಾತ್ರ ಹೊರಗಿನವರಿಗೆ ಅಷ್ಟು ಗೊತ್ತಿಲ್ಲ. ಅವುಗಳದ್ದು ಯುದ್ಧದ ಕಥೆ. ಕ್ರಿ.ಶ. 680ರಲ್ಲಿ ಕೂಫಾಕ್ಕೆ ಹೊರಟಿದ್ದ ಹುಸೇನರನ್ನು ಯಜೀದನ ಸೈನ್ಯ ಕರ್ಬಲಾ ಬಯಲಿನಲ್ಲಿ ತಡೆಯಿತು, ಫುರಾತ್ ನದಿಯ ನೀರು ಸಿಗದಂತೆ ಮಾಡಿತು, ಹತ್ತನೇ ದಿನ ಕೊಂದಿತು. ಅರಬ್ಬಿಯಲ್ಲಿ ಆಶೂರಾ ಎಂದರೆ ಆ ಹತ್ತನೇ ದಿನ. ನಮ್ಮಜ್ಜನ ಬಾಯಲ್ಲಿ ಅದು ಐಸೂರ. ಮೊಹರಂ ಎಂಬುದರ ಮೂಲ ಅರ್ಥ ನಿಷಿದ್ಧ. ಆ ತಿಂಗಳು ಯುದ್ಧ ಮಾಡಬಾರದೆಂಬ ಕಟ್ಟಳೆ ಅರಬರಲ್ಲಿ ಇಸ್ಲಾಮಿಗಿಂತ ಮೊದಲೇ ಇತ್ತು. ಇದನ್ನು ಹೇಳಿದಾಗ ಅಜ್ಜ ಬಹಳ ಹೊತ್ತು ಸುಮ್ಮನಿದ್ದ.

ಅರಬ ವೀರರು ಕಾಳಗಕ್ಕೆ ಇಳಿಯುವ ಮುಂಚೆ ತಮ್ಮ ಹೆಸರು, ತಂದೆಯ ಹೆಸರು, ಕುಲದ ಹೆಸರು ಸೇರಿಸಿ ಚುಟುಕು ಪದ್ಯ ಕೂಗುತ್ತಿದ್ದರು. ಅದಕ್ಕೆ ರಜಜ್ ಎನ್ನುತ್ತಾರೆ. ಓದಿದಾಗ ನನಗೆ ನಮ್ಮ ಮೇಳಗಳ ಸವಾಲ್-ಜವಾಬ್ ನೆನಪಾಯಿತು. ಹುಸೇನರ ಕುಲ ಬನೀ ಹಾಶಿಂ, ಕುರೈಶ್ ಬುಡಕಟ್ಟಿನ ಒಂದು ಕವಲು. ಆ ಮರಳುಗಾಡಿನ ಹೆಸರುಗಳು ಹಲಗೆಯ ಬಡಿತಕ್ಕೆ ಕೂಡಿಕೊಂಡು ಶಿಗ್ಗಾವಿ ಸೀಮೆಯ ಕನ್ನಡದಲ್ಲಿ ಒಗ್ಗಿ ಹೋಗಿವೆ. ಅರಬ್ಬಿಯ ಒಂದಕ್ಷರ ಬಾರದ ಅಜ್ಜ ಕರ್ಬಲಾವನ್ನು ಪಕ್ಕದ ಊರಿನ ಹೊಲದ ಹಾಗೆ ವರ್ಣಿಸುತ್ತಾನೆ. ಅವನ ಮೇಳದಲ್ಲಿ ಮುಸಲ್ಮಾನರಿಗಿಂತ ಉಳಿದವರೇ ಹೆಚ್ಚು.

ರಿವಾಯತ್ ಎಂದರೆ ಕೇಳಿದ್ದನ್ನು ಕೇಳಿದಂತೆ ಮುಂದಿನವರಿಗೆ ದಾಟಿಸುವುದು. ಹಳೆಯ ಅರಬ ಕವಿಗಳಿಗೆ ಒಬ್ಬೊಬ್ಬ ‘ರಾವಿ’ ಇರುತ್ತಿದ್ದ. ಕವಿಯ ಪದ್ಯಗಳನ್ನು ಬಾಯಿಪಾಠ ಮಾಡಿ ಊರೂರಿಗೆ ಒಯ್ಯುವುದು ಅವನ ಕೆಲಸ. ಎರಡೂ ಒಂದೇ ಧಾತುವಿನ ಶಬ್ದಗಳು. ಶರೀಫಜ್ಜನ ಹಾಡುಗಳು ಬಾಳಿದ್ದೂ ಹೀಗೇ, ಬಾಯಿಂದ ಬಾಯಿಗೆ.

1889ರಲ್ಲಿ ಅವರು ತೀರಿಕೊಂಡಾಗ ಎರಡೂ ಧರ್ಮದವರು ಸೇರಿ ಮಣ್ಣು ಮಾಡಿದರು. ಶಿಶುನಾಳದ ಗದ್ದುಗೆಗೆ ಇವತ್ತಿಗೂ ಎಲ್ಲರೂ ನಡೆದುಕೊಳ್ಳುತ್ತಾರೆ.

ನಮ್ಮೂರಲ್ಲೇ ಜಾನಪದ ವಿಶ್ವವಿದ್ಯಾಲಯವಿದೆ, 2011ರಿಂದ. ಆದರೂ ಅಜ್ಜನ ಪದಗಳನ್ನು ಬರೆದಿಡಬೇಕೆಂದು ನನಗೆ ಹೊಳೆದದ್ದು ಹೋದ ವರ್ಷ, ಹಾಡುತ್ತಾ ನಿಂತಲ್ಲೇ ಅವನು ಒಂದು ನುಡಿ ಮರೆತಾಗ. ಮೇಳದವರು ಅವನ ಮುಖ ನೋಡಿದರು, ಅವನು ನನ್ನ ಮುಖ ನೋಡಿದ. ನನಗೂ ಬರುತ್ತಿರಲಿಲ್ಲ. ಇಲ್ಲಿಯವರೆಗೆ ಹನ್ನೊಂದು ಪದ ಬರೆದುಕೊಂಡಿದ್ದೇನೆ. ಅವನ ದನಿ ಈಗ ಸಂಜೆ ಹೊತ್ತಷ್ಟೇ ಸರಿಯಿರುತ್ತದೆ. ಹಾಗಾಗಿ ಆರು ಗಂಟೆಗೆ ಪರೀಕ್ಷೆಯ ಪುಸ್ತಕ ಮುಚ್ಚಿ ಕಟ್ಟೆಗೆ ಹೋಗಿ ಅವನ ಪಕ್ಕ ಕೂರುತ್ತೇನೆ.