ಬಣ್ಣದ ಪರದೆ ಬೇಡವೆಂದ ಗುರುದೇವ

ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ ನಾಟಕ ನೋಡುವವರಲ್ಲಿ ಎಷ್ಟು ಮಂದಿಗೆ ಆ ಹೆಸರಿನೊಳಗಿನ ವಿಪರ್ಯಾಸ ಹೊಳೆದಿದೆಯೋ ತಿಳಿಯದು. ರವೀಂದ್ರನಾಥ ಠಾಕೂರರ ಜನ್ಮಶತಮಾನೋತ್ಸವದ ಸ್ಮರಣೆಗೆಂದು ನಿರ್ಮಾಣಗೊಂಡು 1963ರಲ್ಲಿ ಉದ್ಘಾಟನೆಯಾದ ಮಂದಿರವಿದು. ಪರದೆ, ದೀಪ, ಸಜ್ಜಿಕೆಗಳ ಸಕಲ ವೈಭವಕ್ಕೂ ಇಲ್ಲಿ ಅನುಕೂಲವಿದೆ. ಆದರೆ ಆ ವೈಭವವೇ ನಾಟಕವನ್ನು ಜನರಿಂದ ದೂರ ಮಾಡುತ್ತದೆಂದು ಈ ಕವಿ ಅದಕ್ಕೂ ಆರು ದಶಕಗಳ ಹಿಂದೆ ಆಕ್ಷೇಪಿಸಿದ್ದರು. ರಂಗಭೂಮಿ ಪರಿಸರಕ್ಕೆ ಭಾರವಾಗದೆ ಎಲ್ಲರನ್ನೂ ಒಳಗೊಳ್ಳುವುದು ಹೇಗೆಂಬ ಚರ್ಚೆ ಇಂದು ನಡೆದಿರುವಾಗ ಅವರ ರಂಗಜೀವನವನ್ನು ನೆನೆಯುವುದು ಉಚಿತ.

1861ರಲ್ಲಿ ಕಲ್ಕತ್ತೆಯ ಜೋರಾಸಾಂಕೊ ಮನೆತನದಲ್ಲಿ ಹುಟ್ಟಿದ ರವೀಂದ್ರರಿಗೆ ನಾಟಕವೆಂಬುದು ಮನೆಯಂಗಳದ ಆಟವೇ ಆಗಿತ್ತು. 1881ರಲ್ಲಿ ಮನೆಯಲ್ಲೇ ಪ್ರದರ್ಶನಗೊಂಡ 'ವಾಲ್ಮೀಕಿ ಪ್ರತಿಭಾ' ಗೀತನಾಟಕದಲ್ಲಿ ಹತ್ತೊಂಬತ್ತರ ತರುಣ ಕವಿ ವಾಲ್ಮೀಕಿಯಾದರೆ, ಅಣ್ಣನ ಮಗಳು ಪ್ರತಿಭಾ ಸರಸ್ವತಿಯಾದಳು. ಕುಲೀನ ಮನೆಯ ಹೆಣ್ಣುಮಗಳು ರಂಗವೇರುವುದು ಅಂದು ಸಣ್ಣ ಸಂಗತಿಯೇನಲ್ಲ. 1888ರ 'ಮಾಯಾರ್ ಖೇಲಾ'ವನ್ನಂತೂ ಮಹಿಳೆಯರೇ ಮಹಿಳೆಯರಿಗಾಗಿ ಆಡಿದರು.

1902ರ ಸುಮಾರಿಗೆ ಬರೆದ 'ರಂಗಮಂಚ' ಎಂಬ ಪ್ರಬಂಧದಲ್ಲಿ ಅವರ ನಿಲುವು ಖಚಿತವಾಯಿತು. ಬಂಗಾಳದ ಜಾತ್ರಾ ಆಟದಲ್ಲಿ ನಟನಿಗೂ ನೋಡುಗನಿಗೂ ನಡುವೆ ಗೋಡೆಯಿಲ್ಲ. ಕಾಡೆಂದರೆ ಕಾಡು, ಅರಮನೆಯೆಂದರೆ ಅರಮನೆ. ನಮ್ಮ ಯಕ್ಷಗಾನ ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಚಿತ್ರಿಸಿದ ಪರದೆ ಪ್ರೇಕ್ಷಕನ ಕಲ್ಪನೆಯನ್ನು ಕಟ್ಟಿಹಾಕುತ್ತದೆ ಎಂಬುದು ಅವರ ಒಂದು ವಾದ. ಅದಕ್ಕಿಂತ ಮುಖ್ಯವಾದ ಇನ್ನೊಂದು ವಾದ ಹಣದ್ದು. ಪಾಶ್ಚಾತ್ಯ ಮಾದರಿಯ ರಂಗಭೂಮಿ ತನ್ನ ಭಾರದಿಂದಲೇ ಕದಲಲಾರದು, ಅದನ್ನು ಬಡವನ ಬಾಗಿಲಿಗೆ ಒಯ್ಯಲಾಗದು ಎಂದು ಅವರು ತರ್ಕಿಸಿದರು. ಸರಳತೆಯನ್ನು ಅವರು ಕೇವಲ ಸೌಂದರ್ಯದ ಪ್ರಶ್ನೆಯಾಗಿ ನೋಡಲಿಲ್ಲ ಎಂಬುದನ್ನು ಗಮನಿಸಬೇಕು.

ಶಾಂತಿನಿಕೇತನ ಆ ವಾದದ ಪ್ರಯೋಗಶಾಲೆಯಾಯಿತು. 1901ರಲ್ಲಿ ಆರಂಭಗೊಂಡ ಶಾಲೆಯ ಬಾಲಕರಿಗಾಗಿ 1908ರಲ್ಲಿ 'ಶಾರದೋತ್ಸವ' ಸಿದ್ಧವಾಯಿತು. ಋತುಗಳೇ ನಾಟಕಗಳಿಗೆ ವಸ್ತುವಾದವು. ನೀಲಿ ಬಟ್ಟೆ, ಮರದ ಕೊಂಬೆ, ಹೂವುಗಳೇ ಸಜ್ಜಿಕೆಯಾದವು. 1917ರಲ್ಲಿ ಜೋರಾಸಾಂಕೊದಲ್ಲಿ 'ಡಾಕ್‌ಘರ್' ಆಡಿದಾಗ ರಂಗದ ಮೇಲಿದ್ದದ್ದು ಹುಲ್ಲು ಹೊದಿಸಿದ ಗುಡಿಸಲು. ಗಾಂಧೀಜಿ, ತಿಲಕ್, ಆನಿ ಬೆಸೆಂಟ್ ಆ ಆಟ ನೋಡಿದವರಲ್ಲಿದ್ದರು. 1922ರ 'ಮುಕ್ತಧಾರಾ'ದಲ್ಲಿ ಅರಸನ ಯಂತ್ರಶಿಲ್ಪಿ ಜಲಪಾತಕ್ಕೆ ಅಣೆಕಟ್ಟು ಹಾಕಿ ಕೆಳಗಿನ ಜನರ ನೀರು ತಡೆಯುತ್ತಾನೆ. ಯುವರಾಜ ಅದನ್ನೊಡೆದು ತಾನೂ ಕೊಚ್ಚಿಹೋಗುತ್ತಾನೆ. ನದಿ ನೀರಿನ ಜಗಳಗಳ ನಡುವೆಯೇ ಬದುಕುವ ನಮಗೆ ಈ ನಾಟಕ ಇನ್ನಷ್ಟು ಪರಿಚಿತವಾಗಬೇಕಿತ್ತು. 1928ರಲ್ಲಿ ಶಾಂತಿನಿಕೇತನದಲ್ಲಿ ಗಿಡ ನೆಡುವುದನ್ನೇ ಹಾಡು, ಮೆರವಣಿಗೆಗಳ ಉತ್ಸವವಾಗಿಸಿದ್ದೂ ಇದೇ ಮನಸ್ಸು.

ಅವರ ಧೈರ್ಯಕ್ಕೆ ನಿಜವಾದ ಪರೀಕ್ಷೆ ಎದುರಾದದ್ದು 'ನಟೀರ್ ಪೂಜಾ'ದಲ್ಲಿ. 1926ರಲ್ಲಿ ಹುಡುಗಿಯರಿಗಾಗಿಯೇ ಬರೆದ ಈ ನಾಟಕದ ನಾಯಕಿ, ಬುದ್ಧನ ಪೂಜೆಗಾಗಿ ಪ್ರಾಣ ತೆರುವ ಆಸ್ಥಾನ ನರ್ತಕಿ. ಕಲಾವಿದ ನಂದಲಾಲ್ ಬೋಸ್ ಅವರ ಮಗಳು ಗೌರಿ ಆ ಪಾತ್ರ ವಹಿಸಿದಳು. ಆಶ್ರಮದಲ್ಲಿ ಮೆಚ್ಚುಗೆ ದೊರೆತರೂ, 1927ರ ಜನವರಿಯಲ್ಲಿ ಕಲ್ಕತ್ತೆಯ ಪ್ರೇಕ್ಷಕರ ಎದುರು ಗೃಹಸ್ಥರ ಮಗಳು ಕುಣಿಯುವುದೆಂದರೆ ನಿಂದೆಗೆ ಆಹ್ವಾನವಿದ್ದಂತೆ. ರವೀಂದ್ರರು ಹುಡುಗಿಯರನ್ನು ಹಿಂದೆ ಸರಿಸಲಿಲ್ಲ. ಬದಲಾಗಿ ಉಪಾಲಿ ಎಂಬ ಭಿಕ್ಷುವಿನ ಪಾತ್ರವನ್ನು ಹೊಸದಾಗಿ ಬರೆದು, ಅರವತ್ತೈದರ ವಯಸ್ಸಿನಲ್ಲಿ ತಾವೇ ರಂಗವೇರಿದರು. ನೊಬೆಲ್ ಪುರಸ್ಕೃತ ಕವಿ ಜತೆಯಲ್ಲಿ ನಿಂತಾಗ ಟೀಕಿಸುವವರೂ ಒಂದು ಗಳಿಗೆ ಯೋಚಿಸಬೇಕಾಯಿತು. 1933ರಲ್ಲಿ ಬಂದ 'ಚಂಡಾಲಿಕಾ'ದಲ್ಲಿ ಅಸ್ಪೃಶ್ಯ ಹುಡುಗಿಯೇ ನಾಯಕಿ. ಬೌದ್ಧ ಭಿಕ್ಷು ಅವಳ ಕೈಯಿಂದ ನೀರು ಕುಡಿದ ಕ್ಷಣವೇ ನಾಟಕದ ಬೀಜ.

ಆದರೂ ಒಂದು ಮಾತನ್ನು ಹೇಳಲೇಬೇಕು. ಬಡವನ ಬಾಗಿಲಿಗೆ ಹೋಗಬೇಕೆಂದು ಬಯಸಿದ ಈ ರಂಗಭೂಮಿಯ ಪ್ರೇಕ್ಷಕರು ಬಹುಮಟ್ಟಿಗೆ ವಿದ್ಯಾವಂತರೇ ಆಗಿದ್ದರು. ಸಜ್ಜಿಕೆ ಸರಳವಾದ ಮಾತ್ರಕ್ಕೆ ಬಾಗಿಲು ತಾನಾಗಿ ತೆರೆಯದು. ಹಣದ ಚಿಂತೆಯೂ ತಪ್ಪಲಿಲ್ಲ. ವಿಶ್ವಭಾರತಿಯ ಸಾಲ ತೀರಿಸಲು ಮುದಿ ವಯಸ್ಸಿನಲ್ಲೂ ತಂಡ ಕಟ್ಟಿಕೊಂಡು ಊರೂರು ಅಲೆಯಬೇಕಾಯಿತು. 1936ರಲ್ಲಿ 'ಚಿತ್ರಾಂಗದಾ' ತಂಡದೊಡನೆ ದೆಹಲಿಗೆ ಬಂದಾಗ, ದಣಿದ ಕವಿಯನ್ನು ಕಂಡು ಮರುಗಿದ ಗಾಂಧೀಜಿ 60,000 ರೂಪಾಯಿ ಒದಗಿಸಿಕೊಟ್ಟು ತಿರುಗಾಟ ನಿಲ್ಲಿಸುವಂತೆ ಕೇಳಿಕೊಂಡರು. ಕವಿ ಅಲೆದಾಟ ತಗ್ಗಿಸಿದರೇ ಹೊರತು ನಾಟಕ ಬಿಡಲಿಲ್ಲ. 1938ರಲ್ಲಿ 'ಚಂಡಾಲಿಕಾ'ವನ್ನು ನೃತ್ಯನಾಟಕವಾಗಿ ಮತ್ತೆ ಬರೆದರು. 1941ರ ಆಗಸ್ಟ್ 7ರಂದು, ತಾವು ಹುಟ್ಟಿದ ಮನೆಯಲ್ಲೇ ಕಣ್ಣು ಮುಚ್ಚಿದರು.

ಮರುವರ್ಷದ ಜುಲೈ 18. ನಾಜಿಗಳು ಗೋಡೆ ಕಟ್ಟಿ ಯಹೂದಿಗಳನ್ನು ಕೂಡಿಹಾಕಿದ್ದ ವಾರ್ಸಾದ ಘೆಟ್ಟೋದಲ್ಲಿ, ವೈದ್ಯ ಯಾನುಷ್ ಕೋರ್ಚಾಕ್ ಅವರ ಅನಾಥಾಲಯದ ಮಕ್ಕಳು 'ಡಾಕ್‌ಘರ್' ಆಡಿದರು. ಕಾಯಿಲೆಯ ಬಾಲಕ, ಒಂದು ಕಿಟಕಿ, ಹೊರಗಿನ ದಾರಿಹೋಕರು ಇದ್ದರೆ ಸಾಕು, ಆ ನಾಟಕಕ್ಕೆ ಬೇರೇನೂ ಬೇಡ. ಮೂರು ವಾರ ಕಳೆಯುವುದರೊಳಗೆ ಆ ಮಕ್ಕಳನ್ನೂ ಕೋರ್ಚಾಕರನ್ನೂ ಟ್ರೆಬ್ಲಿಂಕಾದ ಸಾವಿನ ಶಿಬಿರಕ್ಕೆ ಸಾಗಿಸಲಾಯಿತು.