ಎಣ್ಣೆಯ ಮೇಲೆ ತೇಲುವ ಶಾಫ್ಟ್: ಆಸ್ಬೋರ್ನ್ ರೆನಾಲ್ಡ್ಸ್

ಹೋದ ವರ್ಷ ಸ್ನಿಗ್ಧತೆಯ ಪಾಠ ಮಾಡುವಾಗ ನಮ್ಮ ಭೌತಶಾಸ್ತ್ರದ ಉಪನ್ಯಾಸಕರು ಬೋರ್ಡಿನ ಮೇಲೆ ರೆನಾಲ್ಡ್ಸ್ ಸಂಖ್ಯೆಯ ಸೂತ್ರ ಬರೆದರು. ಎಲ್ಲರಂತೆ ನಾನೂ ಬರೆದುಕೊಂಡೆ. ಆ ಹೆಸರಿನ ಮನುಷ್ಯನಿಗೂ ನಮ್ಮ ಮನೆಯ ಕಾರಿಗೂ ಸಂಬಂಧವಿದೆ ಎಂದು ಆಗ ಗೊತ್ತಿರಲಿಲ್ಲ.

ನಮ್ಮ ಮನೆ ಗುಂಡ್ಲುಪೇಟೆಯಲ್ಲಿ. ಅಬ್ಬ ಬಾಡಿಗೆ ಕಾರು ಓಡಿಸುತ್ತಾರೆ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಹಾಗಾಗಿ ಊಟಿಗೆ ಬಾಡಿಗೆ ಸಿಕ್ಕಿತೆಂದರೆ ನಸುಕಿನಲ್ಲೇ ಎದ್ದು ಚೆಕ್‌ಪೋಸ್ಟಿನ ಸಾಲಿನಲ್ಲಿ ನಿಂತಿರುತ್ತಾರೆ. ಎರಡು ವರ್ಷದ ಹಿಂದೆ ಅವರು ಹಳೆಯ ಡೀಸೆಲ್ ಜೀಪು ಮಾರಿ, ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರೊಂದನ್ನು ತಂದರು. ಅದರ ಕೈಪಿಡಿಯಲ್ಲಿ 5ಡಬ್ಲ್ಯು-30 ಆಯಿಲ್ ಹಾಕಬೇಕೆಂದಿತ್ತು. ಅಬ್ಬ ಜೀಪಿಗೆ ಹಾಕುತ್ತಿದ್ದ 20ಡಬ್ಲ್ಯು-50 ಅನ್ನೇ ಹಾಕಿಸಿದರು. ಘಾಟಿ ಹತ್ತುವ ಗಾಡಿಗೆ ಆಯಿಲ್ ಗಟ್ಟಿಯಿದ್ದಷ್ಟೂ ಒಳ್ಳೆಯದು ಎಂಬುದು ಅವರ ಲೆಕ್ಕ. ನಮ್ಮೂರಿನ ಬಹಳಷ್ಟು ಡ್ರೈವರ್‌ಗಳ ಲೆಕ್ಕವೂ ಅದೇ.

ಡಿಸೆಂಬರಿನಲ್ಲಿ ಊಟಿಯ ಚಳಿಯಲ್ಲಿ ರಾತ್ರಿಯಿಡೀ ನಿಂತ ಕಾರು ಬೆಳಿಗ್ಗೆ ಸ್ಟಾರ್ಟ್ ಆದೊಡನೆ ಇಂಜಿನ್‌ನ ಮೇಲ್ಭಾಗದಿಂದ ಟಕಟಕ ಸದ್ದು ಬರತೊಡಗಿತು. ಸ್ವಲ್ಪ ಹೊತ್ತಿಗೆ ತಾನೇ ನಿಲ್ಲುತ್ತಿತ್ತು, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮೈಲೇಜ್ ಇಳಿಯಿತು. ವರ್ಷ ತುಂಬುವ ಮೊದಲೇ ಹೆಡ್ ಬಿಚ್ಚಬೇಕಾಯಿತು. ಕ್ಯಾಮ್‌ಶಾಫ್ಟ್ ಸವೆದಿತ್ತು. ನನ್ನ ಕಾಲೇಜು ಫೀಸಿಗೆಂದು ಅಮ್ಮಿ ಎತ್ತಿಟ್ಟಿದ್ದ ಹಣ ರಿಪೇರಿಗೆ ಹೋಯಿತು. ದೋಷ ಪೂರ್ತಿ ಆಯಿಲಿನದಲ್ಲ, ಬದಲಿಸುವ ಕಿಲೋಮೀಟರ್ ದಾಟಿಸಿದ್ದೂ ಸೇರಿದೆ ಎಂದರು ಮೆಕ್ಯಾನಿಕ್ ಆಗಿರುವ ನನ್ನ ಮಾಮು. ಗಟ್ಟಿ ಆಯಿಲ್ ಯಾಕೆ ಕೆಡುಕು ಮಾಡಬೇಕು ಎಂದು ಕೇಳಿದಾಗ ಮಾತ್ರ ಅವರಿಗೂ ಹೇಳಲಾಗಲಿಲ್ಲ. ಅದನ್ನು ಹುಡುಕುತ್ತಾ ಹೋದಾಗ ನನಗೆ ಸಿಕ್ಕವರು ರೆನಾಲ್ಡ್ಸ್.

ಆಸ್ಬೋರ್ನ್ ರೆನಾಲ್ಡ್ಸ್ ಹುಟ್ಟಿದ್ದು 1842ರ ಆಗಸ್ಟ್ 23ರಂದು, ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ. ಬೆಳೆದದ್ದು ಇಂಗ್ಲೆಂಡಿನ ಡೆಡ್‌ಹ್ಯಾಮ್‌ನಲ್ಲಿ. ತಂದೆ ಪಾದ್ರಿ, ಶಾಲೆಯೊಂದರ ಮುಖ್ಯೋಪಾಧ್ಯಾಯರು. ಗಣಿತ ಬಲ್ಲವರು, ಬೇಸಾಯದ ಯಂತ್ರಗಳನ್ನು ಸುಧಾರಿಸುವ ಹುಚ್ಚೂ ಇತ್ತು. ಮಗನಿಗೆ ಮೊದಲ ಗುರು ಅವರೇ. ಶಾಲೆ ಮುಗಿದ ಮೇಲೆ ಹುಡುಗ ನೇರ ಕೇಂಬ್ರಿಡ್ಜಿಗೆ ಹೋಗಲಿಲ್ಲ. 19ನೇ ವಯಸ್ಸಿನಲ್ಲಿ ಎಡ್ವರ್ಡ್ ಹೇಯ್ಸ್ ಎಂಬ ಇಂಜಿನಿಯರ್ ಬಳಿ ಕೆಲಸ ಕಲಿಯಲು ಸೇರಿದರು. ಅವರ ಬದುಕಿನಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ ಇದು. ಮಾಮುವಿನ ಗ್ಯಾರೇಜಿನ ಹುಡುಗರ ಹಾಗೆ ಕೈ ಮಸಿ ಮಾಡಿಕೊಂಡ ಮೇಲೆ, ಯಂತ್ರ ಅರ್ಥವಾಗಬೇಕಾದರೆ ಗಣಿತ ಬೇಕು ಎಂದು ಅವರಿಗೇ ಅನಿಸಿತು. ಆಮೇಲೆ ಕೇಂಬ್ರಿಡ್ಜಿನ ಕ್ವೀನ್ಸ್ ಕಾಲೇಜು, 1867ರ ಗಣಿತ ಪರೀಕ್ಷೆಯಲ್ಲಿ ಏಳನೇ ಸ್ಥಾನ.

ಮರುವರ್ಷ, 25ನೇ ವಯಸ್ಸಿಗೇ, ಮ್ಯಾಂಚೆಸ್ಟರಿನ ಓವೆನ್ಸ್ ಕಾಲೇಜಿನಲ್ಲಿ ಇಂಜಿನಿಯರಿಂಗ್ ಪ್ರಾಧ್ಯಾಪಕರಾದರು. 1905ರವರೆಗೆ ಅಲ್ಲಿಂದ ಕದಲಲಿಲ್ಲ. ಕೆಲಸ ಸಿಕ್ಕ ವರ್ಷವೇ ಮದುವೆಯಾಯಿತು. ಅದರ ಮರುವರ್ಷ ಪತ್ನಿ ತೀರಿಕೊಂಡರು. ಮತ್ತೆ ಮದುವೆಯಾದದ್ದು 1881ರಲ್ಲಿ.

ಅವರ ಪಾಠ ಸುಲಭವಾಗಿರಲಿಲ್ಲವಂತೆ. ಎಲೆಕ್ಟ್ರಾನ್ ಕಂಡುಹಿಡಿದ ಜೆ. ಜೆ. ಥಾಮ್ಸನ್ ಅವರ ವಿದ್ಯಾರ್ಥಿ. ಥಾಮ್ಸನ್ ನೆನಪಿಸಿಕೊಂಡಂತೆ, ಮೇಷ್ಟರು ತಡವಾಗಿ ಓಡಿಬಂದು ಪಠ್ಯಪುಸ್ತಕದ ಯಾವುದೋ ಸೂತ್ರ ತಪ್ಪು ಎನ್ನುತ್ತಿದ್ದರು, ತರಗತಿಗೆ ಬೆನ್ನು ಮಾಡಿ ತಮ್ಮಷ್ಟಕ್ಕೇ ಮಾತಾಡುತ್ತಾ ಬೋರ್ಡು ತುಂಬಿಸಿ, ಕೊನೆಗೆ ಸೂತ್ರ ಸರಿಯೇ ಇದೆ ಎನ್ನುತ್ತಿದ್ದರು. (ನಮ್ಮ ಉಪನ್ಯಾಸಕರು ಯಾರೂ ಹಾಗಿಲ್ಲ ಎಂದು ಇಲ್ಲೇ ಹೇಳಿಬಿಡುತ್ತೇನೆ.)

ಗಾಜಿನ ಕೊಳವೆಯಲ್ಲಿ ಹರಿಯುವ ನೀರಿಗೆ ಬಣ್ಣದ ಎಳೆ ಬಿಟ್ಟು, ಅದು ಯಾವಾಗ ನೆಟ್ಟಗೆ ಸಾಗುತ್ತದೆ, ಯಾವಾಗ ಕದಡುತ್ತದೆ ಎಂದು ಅವರು ತೋರಿಸಿದ್ದು 1883ರಲ್ಲಿ. ನಮ್ಮ ನೋಟ್ಸಿನ ಸಂಖ್ಯೆ ಹುಟ್ಟಿದ್ದು ಅಲ್ಲಿ. ಅದಕ್ಕೆ ಅವರ ಹೆಸರನ್ನು ಇಟ್ಟವರು ಜರ್ಮನಿಯ ಸೊಮ್ಮರ್‌ಫೆಲ್ಡ್, 1908ರಲ್ಲಿ.

ನನಗೆ ಬೇಕಾಗಿದ್ದ ಉತ್ತರ ಇನ್ನೊಂದು ಪ್ರಯೋಗದಲ್ಲಿತ್ತು, ಅದನ್ನು ಮಾಡಿದವರು ರೆನಾಲ್ಡ್ಸ್ ಅಲ್ಲ. ಅದೇ ಹೊತ್ತಿನಲ್ಲಿ ಬ್ಯೂಚಾಂಪ್ ಟವರ್ ಎಂಬ ಇಂಜಿನಿಯರ್ ರೈಲಿನ ಅಚ್ಚಿನಂಥ ಶಾಫ್ಟ್ ಮೇಲೆ ಬೇರಿಂಗ್ ಕೂರಿಸಿ, ಎಣ್ಣೆಯಲ್ಲಿ ಘರ್ಷಣೆ ಎಷ್ಟಾಗುತ್ತದೆ ಎಂದು ಅಳೆಯುತ್ತಿದ್ದರು. ಎಣ್ಣೆ ಬಿಡಲೆಂದು ಬೇರಿಂಗಿನ ನೆತ್ತಿಯಲ್ಲಿ ಒಂದು ತೂತು ಕೊರೆದರು. ಶಾಫ್ಟ್ ತಿರುಗಿದಾಗ ಎಣ್ಣೆ ಒಳಗೆ ಹೋಗುವ ಬದಲು ತೂತಿನಿಂದ ಮೇಲೆ ಉಕ್ಕಿತು. ಬಿರಡೆ ಹಾಕಿದರು, ಅದನ್ನೂ ಹೊರತಳ್ಳಿತು. ಮರದ ಬೆಣೆ ಬಡಿದರು, ಅದೂ ಎದ್ದು ಬಂತು. ಮಾಪಕ ಇಟ್ಟು ನೋಡಿದರೆ ಮುಳ್ಳು ಚದರ ಅಂಗುಲಕ್ಕೆ 200 ಪೌಂಡ್ ದಾಟಿತು. ಬೇರಿಂಗಿನ ಮೇಲೆ ಹೇರಿದ್ದ ಭಾರ ಸರಾಸರಿ 100 ಪೌಂಡ್ ಮಾತ್ರ!

ಏಕೆ ಹೀಗೆ ಎಂಬುದನ್ನು 1886ರ ಪ್ರಬಂಧದಲ್ಲಿ ಗಣಿತದಿಂದ ಬಿಡಿಸಿದವರು ರೆನಾಲ್ಡ್ಸ್. ಭಾರ ಹೊತ್ತ ಶಾಫ್ಟ್ ಬೇರಿಂಗಿನ ನಟ್ಟನಡುವೆ ಇರುವುದಿಲ್ಲ, ಒಂದು ಬದಿಗೆ ಸರಿದಿರುತ್ತದೆ. ಹಾಗಾಗಿ ಸಂದು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ತಿರುಗುವ ಶಾಫ್ಟ್ ತನಗೆ ಅಂಟಿಕೊಂಡ ಎಣ್ಣೆಯನ್ನು ಕಿರಿದಾದ ಕಡೆಗೆ ಎಳೆದೊಯ್ಯುತ್ತದೆ. ಜಾತ್ರೆಯಲ್ಲಿ ಸಣ್ಣ ಬಾಗಿಲಿಗೆ ಜನ ನುಗ್ಗಿದಾಗ ಆಗುವಂತೆ ಅಲ್ಲಿ ಒತ್ತಡ ಏರುತ್ತದೆ. ಆ ಒತ್ತಡವೇ ಭಾರ ಹೊರುತ್ತದೆ. ಲೋಹಕ್ಕೆ ಲೋಹ ತಾಗುವುದೇ ಇಲ್ಲ, ಶಾಫ್ಟ್ ಎಣ್ಣೆಯ ಮೇಲೆ ತೇಲುತ್ತದೆ. ಎಣ್ಣೆ ಬಿಸಿಯಾದಂತೆ ಎಷ್ಟು ತೆಳುವಾಗುತ್ತದೆ ಎಂದು ತಿಳಿಯಲು ಆಲಿವ್ ಎಣ್ಣೆಯ ಸ್ನಿಗ್ಧತೆಯನ್ನು ಅವರೇ ಅಳೆದರು. ಕಾರ್ಲ್ ಬೆಂಜ್ ತಮ್ಮ ಮೋಟಾರು ಗಾಡಿಗೆ ಪೇಟೆಂಟ್ ಕೇಳಿದ್ದೂ ಅದೇ 1886ರಲ್ಲಿ ಎಂದು ಓದಿದಾಗ ನನಗೆ ನಗು ಬಂತು.

ಈ ಪದರ ನಿಲ್ಲಬೇಕಾದರೆ ಎಣ್ಣೆಯ ಸ್ನಿಗ್ಧತೆ, ಶಾಫ್ಟಿನ ವೇಗ, ಭಾರ, ಸಂದಿನ ಅಳತೆ ನಾಲ್ಕೂ ಒಂದಕ್ಕೊಂದು ಹೊಂದಬೇಕು. ನಮ್ಮ ಜೀಪಿನ ಇಂಜಿನ್ ನಿಧಾನಕ್ಕೆ ತಿರುಗುವಂಥದ್ದು, ಸವೆದು ಸಂದುಗಳೂ ದೊಡ್ಡದಾಗಿದ್ದವು. ಅದಕ್ಕೆ ಗಟ್ಟಿ ಆಯಿಲ್ ಸರಿಯಾಗಿತ್ತು. ಕಾರಿನ ಇಂಜಿನ್ ವೇಗದ್ದು. ಅದರ ಬೇರಿಂಗಿನ ಸಂದು ಮಿಲಿಮೀಟರಿನ ನೂರನೇ ಒಂದೆರಡು ಭಾಗಗಳ ಲೆಕ್ಕದ್ದು, ತೆಳು ಆಯಿಲ್ ಬೇಗ ತಲುಪಲೆಂದೇ ರೂಪಿಸಿದ್ದು. 30 ದರ್ಜೆಯ ಆಯಿಲಿನ ಸ್ನಿಗ್ಧತೆ 100 ಡಿಗ್ರಿಯಲ್ಲಿ 9.3ರಿಂದ 12.5 ಸೆಂಟಿಸ್ಟೋಕ್, 50 ದರ್ಜೆಯದು 16.3ರಿಂದ 21.9. ಡಬ್ಲ್ಯು ಎಂದರೆ ಚಳಿಗಾಲ, ಅದರ ಮುಂದಿನ ಅಂಕೆ ಸಣ್ಣದಾದಷ್ಟೂ ಚಳಿಯಲ್ಲಿ ಆಯಿಲ್ ಸಲೀಸಾಗಿ ಹರಿಯುತ್ತದೆ. ಊಟಿಯ ಆ ಬೆಳಗಿನಲ್ಲಿ ಗಟ್ಟಿ ಆಯಿಲ್ ಮೇಲಿನ ಕ್ಯಾಮ್‌ಶಾಫ್ಟ್ ತಲುಪುವುದು ತಡವಾಗುತ್ತಿತ್ತು. ನಾವು ಕೇಳಿದ ಟಕಟಕ ಅದೇ. ತೀರಾ ತೆಳುವಾದರೂ ಕೆಡುಕೇ, ಬಿಸಿಯಲ್ಲಿ ಪದರ ಹರಿಯುತ್ತದೆ. ಘಾಟಿಯಲ್ಲಿ ಮೇಲಿನ ಗೇರಿನಲ್ಲೇ ಇಂಜಿನ್ ಏದುಸಿರು ಬಿಡುವಂತೆ ಹತ್ತಿಸಿದರೆ ವೇಗ ಕಡಿಮೆ, ಭಾರ ಹೆಚ್ಚು. ಆಗಲೂ ಪದರ ತೆಳುವಾಗುತ್ತದೆ. ಗೇರು ಇಳಿಸಿ ಹತ್ತಿ ಎಂದು ನಾನು ಅಬ್ಬನಿಗೆ ಹೇಳಿದಾಗ, ಅದು ತನಗೆ ಮೊದಲೇ ಗೊತ್ತು ಎಂದರು.

ರೆನಾಲ್ಡ್ಸ್ 1877ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು, 1888ರಲ್ಲಿ ಅದರ ರಾಯಲ್ ಪದಕ ಬಂತು. ಕೊನೆಯ ವರ್ಷಗಳಲ್ಲಿ ಆರೋಗ್ಯವೂ ಬುದ್ಧಿಯ ಚುರುಕೂ ಕುಂದಿ ಕೆಲಸ ಬಿಟ್ಟರು. 1912ರ ಫೆಬ್ರವರಿ 21ರಂದು ಸಾಮರ್ಸೆಟ್‌ನ ವಾಚೆಟ್ ಎಂಬ ಊರಿನಲ್ಲಿ ತೀರಿಕೊಂಡರು. ಬಣ್ಣದ ಎಳೆ ಬಿಟ್ಟು ನೋಡಿದ ಅವರ ತೊಟ್ಟಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಈಗಲೂ ಇದೆ.

ಕಾಲೇಜು ಮುಗಿಸಿ ಚಾಮರಾಜನಗರದಿಂದ ತೆರಕಣಾಂಬಿ ದಾಟಿ ಮನೆ ಸೇರುವಾಗ ಈಗ ಕತ್ತಲಾಗುತ್ತದೆ, ವಾರದ ದಿನ ಗ್ಯಾರೇಜಿಗೆ ಹೋಗಲಾಗುವುದಿಲ್ಲ. ಭಾನುವಾರ ಹೋಗುತ್ತೇನೆ. ಆಯಿಲ್ ಬದಲಿಸಲು ಬಂದವರ ಡ್ಯಾಶ್‌ಬೋರ್ಡಿನಿಂದ ಮಾಮು ಕೈಪಿಡಿ ತೆಗೆದು ನನ್ನ ಕೈಗೆ ಕೊಡುತ್ತಾರೆ. ಕೆಲವದರಲ್ಲಿ ಹವೆಗೆ ತಕ್ಕಂತೆ ಎರಡು ಮೂರು ದರ್ಜೆ ಕೊಟ್ಟಿರುತ್ತಾರೆ. ನಾನು ಇಂಗ್ಲಿಷ್ ಓದಿ ಹೇಳುತ್ತೇನೆ, ಮಾಮು ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಗಾಡಿಯ ನಂಬರಿನ ಪಕ್ಕ ದರ್ಜೆ ಬರೆದುಕೊಳ್ಳುತ್ತಾರೆ.